ರಟ್ಟೆಯಲ್ಲಿದ್ದ ಪದ

ಅಜ್ಜಿಯ ಬಲಗೈಯಲ್ಲಿ, ಉಂಗುರದ ಬೆರಳೂ ಕಿರುಬೆರಳೂ ಅಂಗೈಗೆ ಸೇರುವ ಕಡೆ, ಎರಡು ಜಡ್ಡುಗಳಿದ್ದವು. ಹುಣಸೆಬೀಜದಷ್ಟು ದಪ್ಪ, ಅಷ್ಟೇ ನುಣುಪು. ರಾತ್ರಿ ಅವಳ ಮಗ್ಗುಲಲ್ಲಿ ಮಲಗಿ ನಾನು ಆ ಜಡ್ಡನ್ನು ಉಗುರಿನಿಂದ ಒತ್ತುತ್ತಿದ್ದೆ. ‘ನೋಯಲ್ವಾ ಅಜ್ಜಿ?’ ಎಂದರೆ, ‘ಅದು ನಂದಲ್ಲ ಕಣೆ, ಕಲ್ಲಿಂದು’ ಅನ್ನುತ್ತಿದ್ದಳು. ಅದನ್ನು ನಾನು ಇದ್ದ ಹಾಗೇ ನಂಬಿದ್ದೆ. ಬೀಸೋ ಕಲ್ಲು ತನ್ನ ಎರಡು ಚೂರನ್ನು ಅಜ್ಜಿಯ ಕೈಯಲ್ಲಿ ಇಟ್ಟಿದೆ, ಎಂದಾದರೂ ವಾಪಸು ಕೇಳುತ್ತದೆ ಎಂದು.

ತುಮಕೂರು ಜಿಲ್ಲೆಯ ತುರುವೇಕೆರೆ ಕಡೆಯ ಹಳ್ಳಿ ನಮ್ಮದು. ನಡುಮನೆಯಿಂದ ಅಡುಗೆಮನೆಗೆ ಹೋಗುವ ಮೂಲೆಯಲ್ಲಿ ಕಲ್ಲಿನ ಜಾಗ. ಕೆಳಗಿನ ಕಲ್ಲು ನೆಲದಲ್ಲಿ ಅರ್ಧ ಹೂತಿತ್ತು, ನಡುವೆ ಒಂದು ಕಬ್ಬಿಣದ ಮೊಳೆ. ಮೇಲಿನ ಕಲ್ಲಿಗೆ ನಡುವೆ ಬಾಯಿ, ಅಂಚಿನಲ್ಲಿ ಇನ್ನೊಂದು ತೂತು, ಆ ತೂತಿಗೆ ಜಾಲಿಮರದ ಗೂಟ. ಮನೆಯಲ್ಲಿ ಹನ್ನೊಂದು ಜನ. ಎರಡು ಹೊತ್ತೂ ಹಿಟ್ಟು ಅಂದರೆ ದಿನಕ್ಕೆ ನಾಲ್ಕು ಸೇರು ರಾಗಿ ಬೇಕು. ಮೊದಲ ಕೋಳಿ ಕೂಗುವ ಹೊತ್ತಿಗೆ ಅಜ್ಜಿ ಎದ್ದು ಸೀಮೆಎಣ್ಣೆ ಬುಡ್ಡಿ ಹಚ್ಚಿ, ಕಲ್ಲಿನ ಸುತ್ತ ಹಳೆ ಪಂಚೆ ಹಾಸಿ, ಮೊರದಲ್ಲಿ ರಾಗಿ ಇಟ್ಟುಕೊಂಡು ಕೂರುತ್ತಿದ್ದಳು. ಬಲಗಾಲು ಚಾಚಿ, ಎಡಗಾಲು ಮಡಚಿ. ಎದುರಿಗೆ ಅವ್ವ ಬಂದು ಅದೇ ಥರ ಕೂತು, ಅತ್ತೆಯ ಕೈಯ ಮೇಲೆ ತನ್ನ ಕೈಯಿಟ್ಟು ಗೂಟ ಹಿಡಿಯುತ್ತಿದ್ದಳು.

ಅತ್ತೆ ಸೊಸೆಗೆ ಅಷ್ಟು ಆಗಿಬರುತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಅವರ ನಡುವೆ ಏನೋ ಮಾತು ಬೆಳೆದಿತ್ತು, ಅದು ಕೊನೆಯವರೆಗೂ ಕರಗಲಿಲ್ಲ. ಹಗಲಲ್ಲಿ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಮಕ್ಕಳಾದ ನಮ್ಮ ಮೂಲಕ ಹೇಳಿಕಳಿಸುತ್ತಿದ್ದರು. ಆದರೆ ಕಲ್ಲಿನ ಮುಂದೆ ಇಬ್ಬರ ಮಂಡಿ ಮಂಡಿಗೆ ತಾಗುತ್ತಿತ್ತು. ಒಬ್ಬಳು ಎಳೆದಾಗ ಇನ್ನೊಬ್ಬಳು ಬಿಡಬೇಕು, ಅವಳು ಎಳೆದಾಗ ಇವಳು ಬಿಡಬೇಕು. ಮನಸ್ಸಿನಲ್ಲಿ ಏನಿದ್ದರೂ ಕೈ ಮುನಿಸಿಕೊಳ್ಳುವ ಹಾಗಿಲ್ಲ, ಮುನಿಸಿಕೊಂಡರೆ ಕಲ್ಲು ನಿಲ್ಲುತ್ತದೆ. ಅವ್ವ ತನ್ನ ತವರಿನ ನೆನಪನ್ನು ಅತ್ತೆಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕಂಡಿಲ್ಲ. ಆದರೆ ಬೀಸುವಾಗ ತವರಿನ ಪದ ಹೇಳುತ್ತಿದ್ದಳು, ಅಜ್ಜಿ ಸೊಲ್ಲು ಸೇರಿಸುತ್ತಿದ್ದಳು. ಪದ ಯಾರದೋ, ಎಂದಿನದೋ. ಅದರಲ್ಲಿ ಅಣ್ಣ ಬರಲಿಲ್ಲವೆಂದು ಅತ್ತವಳು ಮಾತ್ರ ನಮ್ಮ ಅವ್ವ ಎಂದು ಅಜ್ಜಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವ್ವನಿಗೂ ಗೊತ್ತಿತ್ತು. ಕಲ್ಲು ಆ ಇಬ್ಬರನ್ನು ಹಾಗೆ ಎದುರುಬದುರು ಕೂರಿಸದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಕಲ್ಲುಕುಟಿಗ ಬರುತ್ತಿದ್ದ. ಹೆಗಲಲ್ಲಿ ಉಳಿ ಸುತ್ತಿಗೆಯ ಚೀಲ. ಬೀದಿಯ ತುದಿಯಿಂದಲೇ ಅವನ ಕೂಗು ಕೇಳುತ್ತಿತ್ತು. ಮೇಲಿನ ಕಲ್ಲನ್ನು ಎತ್ತಿ ಅಂಗಾತ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸಾಲುಸಾಲಾಗಿ ಕಚ್ಚು ಹೊಡೆಯುತ್ತಿದ್ದ. ಬೀಸಿ ಬೀಸಿ ಕನ್ನಡಿಯಂತೆ ನುಣುಪಾದ ಕಲ್ಲು ಕಾಳನ್ನು ಕಚ್ಚುವುದಿಲ್ಲ, ಜಾರಿಸಿಬಿಡುತ್ತದೆ. ಉಳಿ ತಾಗಿದಾಗ ಕಿಡಿ ಹಾರುತ್ತಿತ್ತು, ಒಂಥರಾ ಸುಟ್ಟ ವಾಸನೆ ಬರುತ್ತಿತ್ತು. ಹೊಸ ಕಚ್ಚು ಬಿದ್ದ ದಿನ ಮೊದಲು ಒಂದು ಬೊಗಸೆ ಕೆಟ್ಟ ರಾಗಿ ಬೀಸಿ ಆ ಹಿಟ್ಟನ್ನು ಎಮ್ಮೆಯ ಮುಸುರೆಗೆ ಸುರಿಯುತ್ತಿದ್ದರು, ಪುಡಿ ಹೋಗಲಿ ಎಂದು. ಎಲ್ಲ ಪುಡಿ ಒಂದು ಬೊಗಸೆಗೆ ಹೋಗುತ್ತದೆಯೇ? ಅಜ್ಜಿ ಮದುವೆಯಾಗಿ ಬಂದಾಗ ಮೇಲಿನ ಕಲ್ಲು ಆರು ಬೆರಳು ದಪ್ಪ ಇತ್ತಂತೆ. ನಾನು ಅಳೆದಾಗ ಮೂರೂವರೆ ಬೆರಳು. ಉಳಿದ ಎರಡೂವರೆ ಬೆರಳು ಕಲ್ಲು ಎಲ್ಲಿ ಹೋಯಿತು? ಒಂದಿಷ್ಟು ಉಳಿಯ ಕೆಳಗೆ ಉದುರಿತು. ಉಳಿದದ್ದು ಹಿಟ್ಟಿನಲ್ಲಿ ಸೇರಿ ತಾತನ, ಅಪ್ಪನ, ನಮ್ಮೆಲ್ಲರ ಹೊಟ್ಟೆಗೆ ಹೋಯಿತು. ಈಜಿಪ್ಟಿನ ಹಳೆಯ ಶವಗಳ ಹಲ್ಲು ಬುಡದವರೆಗೆ ಸವೆದಿರುವುದನ್ನು ವೈದ್ಯರು ನೋಡಿದ್ದಾರೆ. ಮರಳೂ ಬೀಸುವ ಕಲ್ಲಿನ ಪುಡಿಯೂ ಬೆರೆತ ರೊಟ್ಟಿಯನ್ನು ಆ ಕಾಲದ ಜನ ಜನ್ಮವಿಡೀ ಅಗಿದರು. ನಾವು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನಮ್ಮ ಹಲ್ಲು ಉಳಿಯಿತು, ಕಲ್ಲು ಸದ್ದಿಲ್ಲದೆ ಒಳಗೆ ಹೋಯಿತು.

ಕಲ್ಲು ಹಗುರಾದಷ್ಟೂ ಬೀಸುವುದು ಸುಲಭ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಕಲ್ಲಿನ ತೂಕವೇ ಕಾಳನ್ನು ಅರೆಯಬೇಕು. ತೂಕ ಕಡಿಮೆಯಾದರೆ ಆ ಒತ್ತನ್ನು ಕೈ ಕೊಡಬೇಕು. ಅಜ್ಜಿಗೆ ವಯಸ್ಸಾದಂತೆಲ್ಲ ಕಲ್ಲು ಅವಳ ರಟ್ಟೆಯಿಂದ ಹೆಚ್ಚು ಹೆಚ್ಚು ಕೇಳುತ್ತಾ ಹೋಯಿತು.

ಮುಂದೆ ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ಮೇಷ್ಟ್ರಮ್ಮ ಆದೆ. ರಾಜರ ಇಸವಿಗಳನ್ನು ಬೋರ್ಡಿನ ಮೇಲೆ ಬರೆಯುತ್ತಾ ಹಲವು ವರ್ಷ ಕಳೆದ ಮೇಲೆ ಒಂದು ದಿನ ಅಬು ಹುರೇರಾ ಎಂಬ ಊರಿನ ಬಗ್ಗೆ ಓದಿದೆ. ಸಿರಿಯಾದಲ್ಲಿ, ಯೂಫ್ರೆಟಿಸ್ ನದಿಯ ದಂಡೆಯಲ್ಲಿದ್ದ ನವಶಿಲಾಯುಗದ ಹಳ್ಳಿ ಅದು. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮೊದಲು, 1972 ಮತ್ತು 1973ರಲ್ಲಿ, ಅವಸರದಲ್ಲಿ ಅಗೆದು ನೋಡಿದರು. ಅಲ್ಲಿ ಸಿಕ್ಕ ಮೂಳೆಗಳನ್ನು ಥೇಯಾ ಮಾಲೆಸನ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಹಲವು ಅಸ್ಥಿಪಂಜರಗಳಲ್ಲಿ, ಅದರಲ್ಲೂ ಹೆಂಗಸರವುಗಳಲ್ಲಿ, ಕಾಲಿನ ಹೆಬ್ಬೆರಳ ಕೀಲು ಸವೆದಿತ್ತು, ಮಂಡಿಯಲ್ಲಿ ಗುರುತಿತ್ತು, ಸೊಂಟದ ಮೇಲಿನ ಬೆನ್ನುಮೂಳೆ ಕೆಟ್ಟಿತ್ತು. ಆಗಿನ್ನೂ ತಿರುಗುವ ಕಲ್ಲು ಬಂದಿರಲಿಲ್ಲ. ತಗ್ಗಾದ ಕಲ್ಲಿನ ಮುಂದೆ ಮಂಡಿಯೂರಿ, ಕಾಲ ಬೆರಳುಗಳನ್ನು ಹಿಂದಕ್ಕೆ ಮಡಚಿ ನೆಲಕ್ಕೆ ಒತ್ತಿ, ಇನ್ನೊಂದು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ತಳ್ಳಿ ಅರೆಯಬೇಕಿತ್ತು. ದಿನಕ್ಕೆ ಗಂಟೆಗಟ್ಟಲೆ, ಬದುಕಿಡೀ. ಆ ಹೆಂಗಸರ ಹೆಸರು ಉಳಿದಿಲ್ಲ, ಮಾತು ಉಳಿದಿಲ್ಲ. ಕಾಲಿನ ಹೆಬ್ಬೆರಳಿನಲ್ಲಿ ಅವರ ಕೆಲಸ ಉಳಿದಿದೆ.

ಓದುತ್ತಾ ನನ್ನ ಕೈ ತಾನಾಗಿ ನನ್ನ ಅಂಗೈಯ ಆ ಜಾಗವನ್ನು ಸವರುತ್ತಿತ್ತು. ನನ್ನ ಕೈಯಲ್ಲಿ ಜಡ್ಡಿಲ್ಲ.

2017ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಪ್ರಕಟಿಸಿದ್ದು ಇನ್ನೂ ಬೆರಗಿನದು. ಮಧ್ಯ ಯುರೋಪಿನ ಹಳೆಯ ರೈತ ಹೆಂಗಸರ ತೋಳಿನ ಮೂಳೆಗಳನ್ನು ಅವರು ಇಂದಿನ ಹುಡುಗಿಯರ ಮೂಳೆಗಳೊಂದಿಗೆ ಹೋಲಿಸಿದರು. ದೋಣಿ ಸ್ಪರ್ಧೆಗೆಂದೇ ದಿನವೂ ಹುಟ್ಟುಹಾಕಿ ಪಳಗಿದ ಹುಡುಗಿಯರಿಗಿಂತ ನವಶಿಲಾಯುಗದ ಹೆಂಗಸರ ತೋಳಿನ ಮೂಳೆ ಶೇ. 11ರಿಂದ 16ರಷ್ಟು ಗಟ್ಟಿಯಾಗಿತ್ತು. ಉಳಿದ ವಿದ್ಯಾರ್ಥಿನಿಯರಿಗಿಂತ ಹೆಚ್ಚುಕಡಿಮೆ ಶೇ. 30ರಷ್ಟು ಗಟ್ಟಿ. ಕಾಳು ಅರೆಯುವುದು ಅದಕ್ಕೆ ಒಂದು ದೊಡ್ಡ ಕಾರಣವಿರಬೇಕು ಎಂದರು. ಮೊಮ್ಮಕ್ಕಳನ್ನು ಒಂದೇ ಕೈಯಲ್ಲಿ ಎತ್ತಿ ಜಗಲಿಯ ಮೇಲೆ ಕೂರಿಸುತ್ತಿದ್ದ ಅಜ್ಜಿಯನ್ನು ಕಂಡ ನಾನು ಇದನ್ನು ಬೇಗ ನಂಬಿದೆ.

ಒಂದು ಬೇಸಿಗೆಯಲ್ಲಿ ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಹೋಗಿದ್ದೆ. ಅಲ್ಲಿನ ಹಿರೇಗುಡ್ಡದ ಮೇಲೆ ಸುಮಾರು 4,000 ವರ್ಷಗಳ ಹಿಂದೆ ಕಲ್ಲಿನ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಒಡೆದ ಕರಿಕಲ್ಲಿನ ಚಕ್ಕೆಗಳು ಇಂದಿಗೂ ಕಾಲಿಗೆ ತೊಡರುತ್ತವೆ. ಬಂಡೆಗಳ ಮೇಲೆ ಉದ್ದುದ್ದ ತಗ್ಗುಗಳಿವೆ, ಕಲ್ಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ಆದವು. ಒಂದರಲ್ಲಿ ಕೈಯಿಟ್ಟೆ. ಬಿಸಿಲಿಗೆ ಕಾದಿತ್ತು, ಆದರೂ ನುಣುಪು ನುಣುಪೇ. ಅಜ್ಜಿಯ ಜಡ್ಡಿನ ನುಣುಪು. ಆಗಿನವರು ಬೆಳೆಯುತ್ತಿದ್ದದ್ದು ಹುರುಳಿ, ಹೆಸರು, ಕೊರಲೆ. ನಮ್ಮ ತುಮಕೂರಿನ ಕಡೆ ಕೊರಲೆ ಇನ್ನೂ ಇದೆ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಅದು ನಮ್ಮಲ್ಲಿಗೆ ಕಡಲು ದಾಟಿ ಬಂದದ್ದು. ನಮ್ಮದೇ ಎಂದು ನಾವು ಎದೆ ತಟ್ಟಿ ಹೇಳುವ ರಾಗಿ ಬರುವ ಮೊದಲೇ ಈ ನೆಲದಲ್ಲಿ ಅರೆಯುವ ಕಲ್ಲಿತ್ತು, ಅರೆಯುವ ಕೈ ಇತ್ತು.

ಕೂತು ತಿರುಗಿಸುವ ಕಲ್ಲು ಬಂದದ್ದು ತೀರಾ ಈಚೆಗೆ. ಈವರೆಗೆ ಸಿಕ್ಕಿರುವುದರಲ್ಲಿ ತೀರಾ ಹಳೆಯವು ಸ್ಪೇನಿನ ಈಶಾನ್ಯ ಭಾಗದವು, ಸುಮಾರು 2,500 ವರ್ಷಗಳ ಹಿಂದಿನವು. ಮಂಡಿಯೂರುವುದು ತಪ್ಪಿತು. ಹೆಬ್ಬೆರಳು ಉಳಿಯಿತು, ಬೆನ್ನು ಸ್ವಲ್ಪ ನೆಟ್ಟಗಾಯಿತು, ನೋವು ಭುಜಕ್ಕೆ ಏರಿತು. ಮುಂದೆ ಹಿಂದೆ ತಳ್ಳುವುದಕ್ಕೂ ಸುತ್ತುವುದಕ್ಕೂ ಲಯ ಬೇರೆ. ತಳ್ಳುವ ಕಲ್ಲಿನ ಮುಂದೆ ಆ ಹೆಂಗಸರು ಏನು ಹಾಡುತ್ತಿದ್ದರೋ! ಸುತ್ತುವ ಕಲ್ಲಿನ ಮುಂದೆ ನಮ್ಮವರು ಹಾಡಿದ್ದು ತ್ರಿಪದಿ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಇದೆ. ಅದಕ್ಕೂ ಮೊದಲು ಎಷ್ಟು ಕಾಲ ಬಾಯಲ್ಲಿ ಇತ್ತೋ. ಮೂರು ಸಾಲು, ಮೊದಲೆರಡರಲ್ಲಿ ನಾಲ್ಕು ನಾಲ್ಕು ಗಣ, ಮೂರನೆಯದರಲ್ಲಿ ಮೂರೇ. ಕಾಲೇಜಿನಲ್ಲಿ ಛಂದಸ್ಸಿನ ಪಾಠ ಕೇಳುವಾಗ ಆ ಕಡಿಮೆಯಾದ ಒಂದು ಗಣದ ಜಾಗದಲ್ಲಿ ನನಗೆ ಅಜ್ಜಿಯ ಎಡಗೈ ಕಾಣುತ್ತಿತ್ತು. ಅವಳು ಮೊರದಿಂದ ಒಂದು ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಬಿಡುತ್ತಿದ್ದದ್ದು ಆ ಗಿಡ್ಡ ಸಾಲಿನ ತುದಿಯಲ್ಲೇ. ಛಂದಸ್ಸು ಕಲ್ಲಿನಿಂದ ಹುಟ್ಟಿತು ಎಂದು ನಾನು ವಾದ ಹೂಡುವುದಿಲ್ಲ. ಆ ಸಾಲಿಗೂ ಆ ಹಿಡಿಗೂ ಚೆನ್ನಾಗಿ ಹೊಂದುತ್ತಿತ್ತು, ಅದನ್ನು ಕಣ್ಣಾರೆ ಕಂಡಿದ್ದೇನೆ.

ಕೆಲಸ ಕೆಲವರ ಹೆಸರಿನಲ್ಲೂ ಉಳಿಯಿತು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮ ಎಂಬುವಳಿದ್ದಾಳೆ, ಕದಿರ ರೆಮ್ಮವ್ವೆ ಇದ್ದಾಳೆ. ಭತ್ತ ಕುಟ್ಟಿದವಳ ಹೆಸರಿಗೆ ಕೊಟ್ಟಣ ಅಂಟಿತು, ನೂಲು ತೆಗೆದವಳ ಹೆಸರಿಗೆ ಕದಿರು. ಇಂಥವನ ಹೆಂಡತಿ, ಇಂಥ ಊರಿನವಳು ಎನ್ನುವುದಕ್ಕಿಂತ ಮೊದಲು ಕೈಯಲ್ಲಿದ್ದ ವಸ್ತು ಬಂತು. ಆ ಹೆಸರುಗಳನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಗಂಟಲು ತುಂಬಿಬರುತ್ತದೆ.

ನಮ್ಮೂರಿಗೆ ಕರೆಂಟು ಬಂದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು; ನಮ್ಮ ರಾಗಿಯನ್ನು ಮುಟ್ಟಲು ಇನ್ನೂ ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಮರುವರ್ಷ ರಸ್ತೆ ಬದಿಯಲ್ಲಿ ರಾಗಿ ಮಿಷನ್ ಕೂತಿತು. ಮೊದಲ ಸಲ ಹಿಟ್ಟು ತಂದವಳು ನಾನೇ. ಚೀಲ ತಲೆಯ ಮೇಲಿಟ್ಟರೆ ನೆತ್ತಿ ಸುಡುತ್ತಿತ್ತು, ಅಷ್ಟು ಬಿಸಿ. ಅಜ್ಜಿ ಅದನ್ನು ಪಂಚೆಯ ಮೇಲೆ ಹರಡಿ, ಎರಡು ಬೆರಳಲ್ಲಿ ಹೊಸಕಿ ಮೂಸಿದಳು. ‘ಬೆಂದೋಗೈತಲ್ಲೇ’ ಎಂದಳು. ಒಂದು ವಾರ ಮಿಷನ್ ಹಿಟ್ಟಿನ ಮುದ್ದೆ ತಿನ್ನಲಿಲ್ಲ. ಎಂಟನೆಯ ದಿನ ತಿಂದಳು. ಮತ್ತೆ ಆ ಮಾತೆತ್ತಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಮಿಷನ್ ಎಷ್ಟೇ ಬೀಸಿದರೂ ಒಳಗೆ ಒಂದಿಷ್ಟು ಹಿಟ್ಟು ಉಳಿಯುತ್ತದೆ, ಅದು ಮುಂದಿನವರ ಚೀಲಕ್ಕೆ ಹೋಗುತ್ತದೆ. ಮುಂದಿನವರು ಯಾರು? ನಮ್ಮೂರಿನಲ್ಲಿ ಒಂದು ಬಾವಿಯ ನೀರು ಇನ್ನೊಂದು ಕೇರಿಗೆ ಇರಲಿಲ್ಲ. ಮಿಷನ್ನಿನ ಸಾಲಿನಲ್ಲಿ ಮಾತ್ರ ಚೀಲದ ಹಿಂದೆ ಚೀಲ. ಮೊದಮೊದಲು ಊರಿನ ಕೆಲವರು ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದರು, ಯಾರ ಹಿಟ್ಟೂ ತಮ್ಮದಕ್ಕೆ ಸೇರಬಾರದು ಎಂದು. ನಮ್ಮ ಮನೆಯಿಂದಲೂ ಹಾಗೆ ಕಳಿಸಿದ್ದುಂಟು, ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ. ಆದರೆ ಹಿಂದಿನ ದಿನ ಕೊನೆಯಲ್ಲಿ ಬೀಸಿಸಿದವರ ಹಿಟ್ಟು ರಾತ್ರಿಯೆಲ್ಲ ಒಳಗೇ ಕಾದು ಕೂತಿರುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು, ಹತ್ತು ವರ್ಷದವಳಿಗೆ. ಅವ್ವನಿಗೆ ಹೇಳಿದೆ. ಅವ್ವ ಸೌದೆ ಒಟ್ಟುತ್ತಾ, ‘ಗೊತ್ತು, ಸುಮ್ಕಿರು’ ಎಂದಳು. ಕ್ರಮೇಣ ಊರೂ ಬೇಗ ಹೋಗಿ ನಿಲ್ಲುವುದನ್ನು ಬಿಟ್ಟಿತು. ಯಾರ ಮನಸ್ಸು ಬದಲಾಯಿತೋ ತಿಳಿಯದು, ಹಿಟ್ಟು ಮಾತ್ರ ಬೆರೆತುಹೋಯಿತು.

ಬೀಸುವುದು ನಿಂತಿದ್ದನ್ನು ನೆನೆದು ಕಣ್ಣೀರು ಹಾಕುವ ಬರಹಗಳನ್ನು ನಾನು ಬಹಳ ಓದಿದ್ದೇನೆ. ಬರೆದವರಲ್ಲಿ ಬೆಳಗಿನ ಮೂರು ಗಂಟೆಗೆ ಗೂಟ ಹಿಡಿದವರು ಕಡಿಮೆ. ಮಿಷನ್ ಬಂದ ಮೇಲೆ ನಮ್ಮ ಅವ್ವ ಕೋಳಿ ಕೂಗಿದ ಮೇಲೂ ಎರಡು ಗಂಟೆ ಮಲಗಿದಳು. ಬಸುರಿಯಾಗಿದ್ದಾಗಲೂ ತಿಂಗಳು ತುಂಬುವವರೆಗೆ ಬೀಸಿದ್ದ ಹೆಂಗಸು. ಅವಳ ಆ ನಿದ್ದೆಯ ಮುಂದೆ ಯಾವ ಪದವನ್ನೂ ತೂಗಿ ನೋಡಲು ನನಗೆ ಮನಸ್ಸಿಲ್ಲ. ನನ್ನ ಅಕ್ಕನನ್ನು ಕಲ್ಲಿನ ಮುಂದೆ ಕೂರಿಸಲೆಂದೇ ಐದನೇ ಕ್ಲಾಸಿಗೆ ಬಿಡಿಸಿದ್ದರು. ನನ್ನನ್ನು ಬಿಡಿಸಲಿಲ್ಲ. ನಾನು ಓದಿದ್ದು ನನ್ನ ಬುದ್ಧಿಯಿಂದ ಎಂದು ಬಹಳ ಕಾಲ ಅಂದುಕೊಂಡಿದ್ದೆ.

ಆದರೆ ಹೋದದ್ದೂ ಹೋಯಿತು. ಅತ್ತೆ ಸೊಸೆ ಮತ್ತೆ ಎದುರುಬದುರು ಕೂರಲಿಲ್ಲ. ಒಬ್ಬಳು ಜಗಲಿಯಲ್ಲಿ, ಒಬ್ಬಳು ಒಲೆಯ ಮುಂದೆ. ಸೇರಿ ಮಾಡಲೇಬೇಕಾದ ಕೆಲಸ ಒಂದೂ ಉಳಿಯಲಿಲ್ಲ. ಕಲ್ಲಿನ ಗೂಟಕ್ಕೆ ಗೆದ್ದಲು ಹಿಡಿಯಿತು. ಮೇಲಿನ ಕಲ್ಲನ್ನು ಬಚ್ಚಲ ಹತ್ತಿರ ಹಾಕಿದರು, ಕಾಲು ತೊಳೆಯುವುದಕ್ಕೆ. ಎರಡು ಮೂರು ವರ್ಷದಲ್ಲಿ ಅಜ್ಜಿಯ ಕೈಯ ಜಡ್ಡು ಪದರ ಪದರವಾಗಿ ಬಿಟ್ಟುಹೋಯಿತು. ಕೆಳಗೆ ಬಂದ ಚರ್ಮ ಮಗುವಿನದರಂತೆ ತೆಳ್ಳಗೆ, ಕೆಂಪಗೆ. ಬಿಸಿ ಮುದ್ದೆ ಕಟ್ಟುವಾಗ ಅಲ್ಲಿ ಸುಟ್ಟು ಕೈ ಒದರುತ್ತಿದ್ದಳು. ನಲವತ್ತು ವರ್ಷ ಆ ಜಾಗಕ್ಕೆ ಬಿಸಿ ಗೊತ್ತಿರಲಿಲ್ಲ.

ನಾನು ಬಿ.ಎ. ಓದುವಾಗ ಜಾನಪದ ಅಭ್ಯಾಸ ಮಾಡುವ ಒಬ್ಬ ಹುಡುಗ ಟೇಪ್ ರೆಕಾರ್ಡರ್ ಹಿಡಿದು ಊರಿಗೆ ಬಂದ. ಹಲಸಂಗಿಯ ಗೆಳೆಯರು ಗರತಿಯ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು 1931ರಲ್ಲಿ. ಆ ದಾರಿಯಲ್ಲಿ ಎಷ್ಟೋ ಜನ ಹಳ್ಳಿ ಹಳ್ಳಿ ತಿರುಗಿ ಬರೆದುಕೊಂಡಿದ್ದಾರೆ. ಅವರು ತಿರುಗದಿದ್ದರೆ ಇಂದು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ‘ಅಜ್ಜೀ, ಬೀಸೋ ಪದ ಹೇಳಿ’ ಎಂದು ಆ ಹುಡುಗ ಮೈಕನ್ನು ಮುಂದಿಟ್ಟ. ಅಜ್ಜಿ ಸೆರಗು ಸರಿಮಾಡಿಕೊಂಡು, ಕೆಮ್ಮಿ, ಶುರು ಮಾಡಿದಳು. ಎರಡನೇ ಸಾಲಿಗೆ ನಿಂತಿತು. ಮತ್ತೆ ಶುರು. ಮತ್ತೆ ನಿಂತಿತು. ಬೇರೆ ಪದ ಹಿಡಿದಳು, ಅದೂ ಅಷ್ಟೇ. ಸಾವಿರ ಸಲ ಹೇಳಿದ ಪದಗಳು. ಹುಡುಗ ಪಾಪ, ‘ಪರವಾಗಿಲ್ಲ, ನಿಧಾನವಾಗಿ ನೆನಪು ಮಾಡ್ಕೊಳ್ಳಿ’ ಎಂದ. ಅಜ್ಜಿ ತನ್ನ ಕೈಯನ್ನೇ ನೋಡಿಕೊಳ್ಳುತ್ತಾ ಹೇಳಿದಳು: ‘ಪದ ಬಾಯಾಗಿಲ್ಲ ಕಣಪ್ಪ, ರಟ್ಟೇಲೈತೆ.’

ಅಪ್ಪ ಬಚ್ಚಲಿಂದ ಕಲ್ಲನ್ನು ಎತ್ತಿ ತಂದರು. ತೊಳೆದು ಒರೆಸಿ ಕೆಳಗಿನ ಕಲ್ಲಿನ ಮೇಲೆ ಕೂರಿಸಿ, ಸೌದೆ ಒಟ್ಟಿಲಿನಿಂದ ಒಂದು ಗಟ್ಟಿ ತುಂಡು ಕೆತ್ತಿ ಗೂಟ ಹೊಡೆದರು. ಹುಡುಗ ಹಾಗೇ ತಿರುಗಿಸಿ ಸಾಕು ಎಂದ. ಬರಿ ಕಲ್ಲು ಬೀಸಬಾರದು ಎಂದಳು ಅಜ್ಜಿ, ಒಂದು ಸೇರು ರಾಗಿ ತರಿಸಿದಳು. ಕೂತಳು. ಬಲಗಾಲು ಚಾಚಿ, ಎಡಗಾಲು ಮಡಚಿ. ಒಂದೆರಡು ಸುತ್ತು ಸುಮ್ಮನೆ ತಿರುಗಿಸಿ ಅಡುಗೆಮನೆಯ ಕಡೆ ನೋಡಿದಳು, ಕರೆಯಲಿಲ್ಲ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತು ಗೂಟದ ಮೇಲೆ ಕೈಯಿಟ್ಟಳು.

ಆಮೇಲೆ ಪದ ನಿಲ್ಲಲಿಲ್ಲ. ಅಜ್ಜಿ ಒಂದು ಎತ್ತಿದರೆ ಅವ್ವ ಸೊಲ್ಲು, ಅವ್ವ ಎತ್ತಿದರೆ ಅಜ್ಜಿ ಸೊಲ್ಲು. ನಾನು ಕೇಳಿಯೇ ಇರದ ಪದಗಳೂ ಬಂದವು. ಹುಡುಗನಿಗೆ ಮಾತ್ರ ಕಷ್ಟ. ಕಲ್ಲಿನ ಸದ್ದೇ ಹೆಚ್ಚು ತುಂಬುತ್ತಿದೆ ಎಂದು ಮೈಕನ್ನು ಅತ್ತ ಇತ್ತ ಇಡುತ್ತಿದ್ದ.

ಆ ಕ್ಯಾಸೆಟ್ಟಿನ ಒಂದು ಪ್ರತಿಯನ್ನು ಅವನು ಮರೆಯದೆ ಕಳಿಸಿಕೊಟ್ಟ. ಅಜ್ಜಿ ಹೋದಳು, ಅವ್ವನೂ ಹೋದಳು. ನನ್ನ ಮಗ ಅದನ್ನು ಮೊಬೈಲಿಗೆ ಇಳಿಸಿಕೊಟ್ಟಿದ್ದಾನೆ. ಸದ್ದು ತೆಗೆದು ದನಿ ಮಾತ್ರ ಉಳಿಸಿಕೊಡಲೇ ಎಂದು ಕೇಳಿದ, ಬೇಡ ಎಂದೆ. ನಲವತ್ತು ನಿಮಿಷ ಇದೆ. ಕೊನೆಗೆ ಬರುವುದು ಬಾಗಿಲಿಗೆ ಬಂದ ಅಣ್ಣನ ಪದ. ತಂಗಿ ಕಾಲಿಗೆ ನೀರು ಕೊಡುತ್ತಾಳೆ, ಅವನು ಇನ್ನೂ ಒಳಗೆ ಬಂದಿರುವುದಿಲ್ಲ. ಅಲ್ಲಿ ಕಲ್ಲಿನ ದನಿ ಬದಲಾಗುತ್ತದೆ. ಅಷ್ಟು ಹೊತ್ತು ಗುಮ್ಮೆಂದು ಬರುತ್ತಿದ್ದದ್ದು ಕಲ್ಲಿಗೆ ಕಲ್ಲು ತಾಗಿದಂತೆ ಕೀರುತ್ತದೆ. ಇಬ್ಬರೂ ಒಟ್ಟಿಗೆ, ಸಾಲಿನ ನಡುವಿನಲ್ಲೇ, ನಿಲ್ಲಿಸುತ್ತಾರೆ. ಮುಂದೆ ಹೇಳಿ ಅಜ್ಜೀ, ಪದ ಮುಗಿದಿಲ್ಲವಲ್ಲ ಎಂದು ಹುಡುಗ ಕೇಳುವುದು ದೂರದಲ್ಲಿ ಕೇಳಿಸುತ್ತದೆ.

‘ರಾಗಿ ಮುಗೀತಲ್ಲಪ್ಪ’ ಎನ್ನುತ್ತಾಳೆ ಅವ್ವ.